ಓದಿಸಿದ ಕ್ಷಮಾಪಣೆ

ನನ್ನ ಅತ್ತಿಗೆಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ನನಗೆ ಹಾಗಲ್ಲ, ಮೂಗಿನ ಮೇಲೇ ಕೋಪ. ಪಕ್ಕದ ಬೀದಿಗೂ ಕೇಳುವ ಹಾಗೆ ಕೂಗಾಡಿ ಆಮೇಲೆ ತಣ್ಣಗಾಗುತ್ತೇನೆ. ಅತ್ತಿಗೆ ತಣ್ಣಗಾಗುವವರಲ್ಲ. ಈ ಬರಹ ಅವರ ಬಗ್ಗೆ. ಇದರಲ್ಲಿ ಎಲ್ಲಾದರೂ ಕೂಗಾಟ ಕೇಳಿಸಿದರೆ ಅದು ನನ್ನದೆಂದು ತಿಳಿಯಿರಿ.

ನಾವಿಬ್ಬರೂ ಒಂದೇ ನ್ಯಾಯಾಲಯದ ಕಟ್ಟಡದಲ್ಲಿ ದುಡಿಯುತ್ತಿದ್ದೆವು. ನಾನು ಕೆಳಗೆ, ನ್ಯಾಯಾಧೀಶರು ಹೇಳಿದ ತೀರ್ಪನ್ನು ಟೈಪ್ ಮಾಡುವವಳು. ಅತ್ತಿಗೆ ಮೇಲೆ, ವಕೀಲರ ಸಂಘದ ಗ್ರಂಥಪಾಲಕಿ. ಉದ್ದನೆಯ ಕೋಣೆ, ಬಾಗಿಲ ಪಕ್ಕದಲ್ಲೇ ಅವರ ಮೇಜು, ಮೇಜಿನ ಮೇಲೆ ಒಂದು ಲೋಟ ನೀರು. ಆ ನೀರನ್ನು ಅವರು ಕುಡಿದದ್ದಕ್ಕಿಂತ, ಓಡಿ ಬಂದ ವಕೀಲರು ಕೇಳದೆ ಎತ್ತಿ ಕುಡಿದದ್ದೇ ಹೆಚ್ಚು. ವಿಚಾರಣೆಗೆ ಕರೆ ಬಂದ ಮೇಲೆಯೇ ಈ ಮಹಾಶಯರಿಗೆ ಬೇಕಾದ ತೀರ್ಪು ನೆನಪಾಗುವುದು. "ಮೇಡಂ, ಅದೇ, ಗೋಡೆ ಜಗಳದ್ದು, ಹೋದ ವರ್ಷ ಕೊಟ್ಟಿದ್ರಲ್ಲ, ಬೇಗ, ಬೇಗ!" ಎಂದು ಬೆವರು ಒರೆಸಿಕೊಳ್ಳುತ್ತಿದ್ದರು. ಸಿಕ್ಕಿ ಗೆದ್ದರೆ ಅದು ಅವರ ಬುದ್ಧಿ. ಸಿಗದೆ ಸೋತರೆ ಅದು ಗ್ರಂಥಾಲಯದ ತಪ್ಪು.

ಕಂಪ್ಯೂಟರ್ ಬಂದಾಗ ಅತ್ತಿಗೆ ಅಳಲಿಲ್ಲ. ಹಳೇ ಪುಸ್ತಕದ ವಾಸನೆ, ಧೂಳು ಹಿಡಿದ ಕಪಾಟು, ಹೊಸದನ್ನು ಕಂಡು ಹೆದರಿದ ವಯಸ್ಸಾದ ಹೆಂಗಸು, ಅಂಥ ಕಥೆ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ. ಅತ್ತಿಗೆ ಎಲ್ಲರಿಗಿಂತ ಮೊದಲು ಕಲಿತರು. ನಮ್ಮ ಊಟದ ಮೇಜಿನ ಒಂದು ಕಡೆ ಅಣ್ಣ ಬಿಚ್ಚಿ ಹರಡಿದ ಹೊಲಿಗೆ ಯಂತ್ರ, ಅದರ ರಿಪೇರಿ ಅವನ ಕಸುಬು. ಇನ್ನೊಂದು ಕಡೆ ಅತ್ತಿಗೆಯ ಲ್ಯಾಪ್‌ಟಾಪ್. ತಟ್ಟೆ ಇಡಲು ಜಾಗವಿಲ್ಲ. "ಈ ಮನೇಲಿ ಊಟಕ್ಕೂ ಅರ್ಜಿ ಹಾಕ್ಬೇಕು" ಎಂದು ನಾನು ಗೊಣಗಿದರೆ, "ನಿಮ್ಮಣ್ಣನ ಎಣ್ಣೆ ಬಟ್ಟೆ ಎತ್ತಿಡು, ಅರ್ಜಿ ಮಂಜೂರಾಗತ್ತೆ" ಎನ್ನುತ್ತಿದ್ದರು.

ತಾವು ಕಲಿತ ಮೇಲೆ ವಕೀಲರಿಗೆ ಕಲಿಸಿದರು. ಗ್ರಂಥಾಲಯ ಸಮಿತಿಯ ಅಧ್ಯಕ್ಷರು ದೊಡ್ಡ ವಕೀಲರು, ಸಾಕ್ಷಿಗಳನ್ನು ಗಡಗಡ ನಡುಗಿಸುವವರು. ವಾರವಾರವೂ ತಮ್ಮ ಪಾಸ್‌ವರ್ಡ್ ಮರೆತು ಬಂದು ಅತ್ತಿಗೆಯ ಮೇಲೆ ಹಾರಾಡುತ್ತಿದ್ದರು. "ನನ್ನನ್ನೇ ಗುರುತು ಹಿಡಿಯಲ್ಲ ಅನ್ನತ್ತಲ್ರೀ ಇದು!" ಅತ್ತಿಗೆ ಹೊಸ ಪಾಸ್‌ವರ್ಡ್ ಮಾಡಿಕೊಟ್ಟು ಕಳಿಸುತ್ತಿದ್ದರು. ನಾನಾಗಿದ್ದರೆ ಕೀಬೋರ್ಡನ್ನು ಅವರ ತಲೆಯ ಮೇಲಿಟ್ಟು ಕಳಿಸುತ್ತಿದ್ದೆ.

ಇದೇ ಅಧ್ಯಕ್ಷರು ಒಂದು ದಿನ ಎಲ್ಲ ಆನ್‌ಲೈನ್ ಬಂತಲ್ಲ ಎಂದು ಪುಸ್ತಕ ಕೊಳ್ಳುವುದನ್ನೇ ನಿಲ್ಲಿಸಿದರು. ಅರ್ಧ ಕಪಾಟುಗಳು ಹೋಗಿ ಆ ಜಾಗಕ್ಕೆ ಸೋಫಾ ಬಂತು. ಅತ್ತಿಗೆ ಒಂದೇ ಮಾತು ಹೇಳಿದ್ದರಂತೆ: "ಪುಸ್ತಕ ಕೊಂಡ್ರೆ ನಮ್ದು ಸಾರ್. ಇದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ." ಅಧ್ಯಕ್ಷರು ನಕ್ಕರು. ಸೋಫಾದಲ್ಲಿ ಕೂತೇ ನಕ್ಕಿರಬೇಕು.

ಈಗ ಅತ್ತಿಗೆಯ ಬಳಗದ ವಿಷಯಕ್ಕೆ ಬರುತ್ತೇನೆ. ಕಾನೂನು ಗ್ರಂಥಪಾಲಕರು ಬೆರಳೆಣಿಕೆಯ ಜನ. ಕಾಲೇಜು, ನ್ಯಾಯಾಲಯ, ತೆರಿಗೆ ಕಚೇರಿ, ಜೈಲು ಎಲ್ಲ ಸೇರಿಸಿದರೂ ಎರಡು ಬಸ್ಸು ತುಂಬುವುದಿಲ್ಲ. ಅವರಲ್ಲಿ ಒಂದು ಪದ್ಧತಿ ಇತ್ತು. ನನ್ನ ಹತ್ತಿರ ಇಲ್ಲದ ತೀರ್ಪು ನಿನ್ನ ಹತ್ತಿರ ಇದ್ದರೆ, ನಾನು ಕೇಳಿದ ಕೂಡಲೇ ನೀನು ಪುಟಗಳನ್ನು ಕಳಿಸಬೇಕು. ಯಾರಿಗೆ, ಯಾಕೆ ಎಂದು ಕೇಳಬಾರದು. ಮೊದಲೆಲ್ಲ ಜೆರಾಕ್ಸ್ ತೆಗೆದು ಬಸ್ಸಿನವರ ಕೈಗೆ ಕೊಡುತ್ತಿದ್ದರು. ಆಮೇಲೆ ಮೊಬೈಲಿನಲ್ಲಿ ಒಂದು ಗ್ರೂಪ್ ಆಯಿತು. ಅತ್ತಿಗೆ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, "ಇದೆ, ಕಳಿಸ್ತೀನಿ" ಎಂದು ಬರೆಯುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅಣ್ಣನ ಮಾತಿಗೆ ಅಷ್ಟು ಬೇಗ ಉತ್ತರ ಸಿಕ್ಕಿದ್ದನ್ನು ನೋಡಿಲ್ಲ.

ಆ ಗ್ರೂಪನ್ನು ಕಟ್ಟಿದವರು ಇಬ್ಬರು, ಅತ್ತಿಗೆ ಮತ್ತು ಅವರ ಗೆಳತಿ. ಗೆಳತಿ ಕಾನೂನು ಕಾಲೇಜಿನ ಗ್ರಂಥಪಾಲಕಿ, ಕಣ್ಣಿಗೆ ದಪ್ಪ ಗಾಜು ಹಾಕಿಕೊಳ್ಳುವವಳು, ಅತ್ತಿಗೆ ಅವಳನ್ನು ಕರೆಯುತ್ತಿದ್ದದ್ದೇ 'ಕನ್ನಡಕ' ಎಂದು. ಗ್ರಂಥಪಾಲಕರ ವಾರ್ಷಿಕ ಸಭೆಗೆ ಜೊತೆಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು. ಅಣ್ಣ ಹೋಗುವುದಿಲ್ಲ, ನಾನು ಬಿಡುವುದಿಲ್ಲ. ಪ್ರತಿ ವರ್ಷ ನಾವು ಮೂವರೂ ಒಂದೇ ಕೋಣೆಯಲ್ಲಿ ಮಲಗಿ, ಅಧಿಕಾರಿಗಳನ್ನು ಅಣಕಿಸಿ, ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು.

ಇನ್ನು ಅತ್ತಿಗೆ ಮಾಡಿದ ತಪ್ಪು. ಅದನ್ನು ಗ್ರಂಥಪಾಲಕರು ಮಾತ್ರ ಮಾಡಬಲ್ಲರು, ಬೇರೆ ಯಾವ ಕಳ್ಳನೂ ಮಾಡುವುದಿಲ್ಲ. ಚಂದಾ ಕಟ್ಟಿಸಿಕೊಂಡು ತೀರ್ಪುಗಳನ್ನು ತೋರಿಸುವ ಆ ಆನ್‌ಲೈನ್ ಕಂಪನಿಯಿಂದ ಒಂದು ತೀರ್ಪನ್ನು ಇಳಿಸಿಕೊಂಡರೆ ಪ್ರತಿ ಪುಟದ ಅಡಿಯಲ್ಲೂ ಇಂಥ ಗ್ರಂಥಾಲಯದ ಉಪಯೋಗಕ್ಕೆ ಮಾತ್ರ ಎಂದು ಒಂದು ಸಾಲು ಬರುತ್ತದೆ. ಗ್ರೂಪಿನ ಬಹಳ ಜನ ಅದನ್ನು ಕತ್ತರಿಸಿ ಕಳಿಸುತ್ತಿದ್ದರು. ಅತ್ತಿಗೆ ಕತ್ತರಿಸಲಿಲ್ಲ. ಜೆರಾಕ್ಸ್ ಕಾಲದಲ್ಲಿ ಮೂಲೆಗೆ ಗ್ರಂಥಾಲಯದ ಮೊಹರು ಒತ್ತದೆ ಒಂದು ಹಾಳೆಯನ್ನೂ ಹೊರಗೆ ಬಿಟ್ಟವರಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಪುಟವನ್ನು ನ್ಯಾಯಾಲಯದಲ್ಲಿ ಯಾರು ನಂಬುತ್ತಾರೆ ಎನ್ನುವುದು ಅವರ ವಾದ. ಕತ್ತರಿಸಿದವರಿಗೇ ಗ್ರೂಪಿನಲ್ಲಿ ಬಯ್ಯುತ್ತಿದ್ದರು.

ಜೈಲಿನ ಗ್ರಂಥಪಾಲಕ ಒಂದು ತೀರ್ಪು ಕೇಳಿದ. ನಡುವಯಸ್ಸಿನ ಮೆದು ಮಾತಿನ ಮನುಷ್ಯ, ತಾತ್ಕಾಲಿಕ ನೌಕರ. ಅವನ ಗ್ರಂಥಾಲಯವೆಂದರೆ ಒಂದು ಕೋಣೆ, ಕುಂಟುವ ಒಂದು ಬೆಂಚು. ಅತ್ತಿಗೆ ಕಳಿಸಿದರು. ಅದನ್ನು ಒಬ್ಬ ಕೈದಿ ತನ್ನ ಮೇಲ್ಮನವಿಗೆ ಲಗತ್ತಿಸಿದ. ಎದುರು ನಿಂತ ವಕೀಲ ಆ ಆನ್‌ಲೈನ್ ಕಂಪನಿಗೂ ಸಲಹೆಗಾರ. ಮನುಷ್ಯನೊಬ್ಬನ ಬಿಡುಗಡೆಯ ಅರ್ಜಿಯಲ್ಲಿ ಆ ಪುಣ್ಯಾತ್ಮನ ಕಣ್ಣಿಗೆ ಬಿದ್ದದ್ದು ಪುಟದ ಅಡಿಯ ಸಾಲು!

ಆ ವಾರವೇ ಕಂಪನಿ ನಮ್ಮ ಗ್ರಂಥಾಲಯದ ಸಂಪರ್ಕ ಕಡಿದುಹಾಕಿತು. ವಕೀಲರು ಹುಯಿಲೆಬ್ಬಿಸಿದರು. ಅಧ್ಯಕ್ಷರು ಅತ್ತಿಗೆಯನ್ನು ಕರೆಸಿದರು, ಕಂಪನಿಯವನೂ ಅಲ್ಲಿದ್ದ. ಸಹಾಯಕ್ಕೆಂದು ನನ್ನನ್ನೂ ಕರೆದಿದ್ದರು, ಮಾತುಕತೆ ಟೈಪ್ ಮಾಡಲು. ಅಂದರೆ ನನ್ನ ಅತ್ತಿಗೆಯ ಅವಮಾನವನ್ನು ನನ್ನ ಬೆರಳಿನಿಂದಲೇ ಬರೆಸಿದರು.

ಕಂಪನಿಯವನು ನಯವಾಗಿ ನಗುತ್ತಲೇ ಇದ್ದ. "ಮೇಡಂ, ಆ ಕೆಳಗಿನ ಸಾಲು ಕತ್ತರಿಸಿ ಬಿಟ್ಟಿದ್ರೆ ನಮಗೂ ತಲೆನೋವು ಇರ್ತಿರಲಿಲ್ಲ, ನಿಮಗೂ ಇರ್ತಿರಲಿಲ್ಲ."

"ಅಂದ್ರೆ ನಾನು ಕದ್ದಿದ್ದು ತಪ್ಪಲ್ಲ, ಹೆಸರು ಹೇಳಿದ್ದು ತಪ್ಪು" ಎಂದರು ಅತ್ತಿಗೆ. ದನಿ ಆಗಲೇ ಇಳಿದಿತ್ತು.

ನನಗೆ ತಡೆಯಲಾಗಲಿಲ್ಲ. "ತೀರ್ಪು ಬರೆಸಿದ್ದು ನ್ಯಾಯಾಧೀಶರು, ಟೈಪ್ ಮಾಡಿದ್ದು ನನ್ನಂಥವರು. ಅದು ನಿಮ್ದು ಯಾವಾಗ ಆಯ್ತು ಸ್ವಾಮಿ?" ಎಂದೆ. ಅಧ್ಯಕ್ಷರು ನನ್ನ ಕಡೆ ಕೈ ತೋರಿಸಿ, "ನೀವು ಟೈಪ್ ಮಾಡಿ ಅಷ್ಟೆ" ಎಂದರು.

ಅವರ ಷರತ್ತು ಇಷ್ಟು. ವಾರ್ಷಿಕ ಸಭೆಯಲ್ಲಿ, ಎಲ್ಲ ಗ್ರಂಥಪಾಲಕರ ಎದುರು, ಕಂಪನಿ ಬರೆದು ಕೊಟ್ಟ ಕ್ಷಮಾಪಣೆಯನ್ನು ಅತ್ತಿಗೆ ಓದಬೇಕು. ಗ್ರೂಪ್ ಮುಚ್ಚಿದೆ ಎಂದು ಸಾರಬೇಕು. ಓದಿದರೆ ಸಂಪರ್ಕ ವಾಪಸ್ ಬರುತ್ತದೆ. ಓದದಿದ್ದರೆ ಜೈಲಿನ ಮೇಲಧಿಕಾರಿಗಳಿಗೆ ದೂರು ಹೋಗುತ್ತದೆ, ಆ ತಾತ್ಕಾಲಿಕ ನೌಕರ ಮನೆಗೆ ಹೋಗುತ್ತಾನೆ. "ನಿಮ್ಮ ಕೆಲಸದ ವಿಷಯ ಆಮೇಲೆ ನೋಡೋಣ" ಎಂದರು ಅಧ್ಯಕ್ಷರು, ಕನ್ನಡಿ ನೋಡಿಕೊಳ್ಳುವವರ ಹಾಗೆ ಟೈ ಸರಿಮಾಡಿಕೊಳ್ಳುತ್ತಾ.

ಮನೆಗೆ ಬಂದು ನಾನು ಕುಣಿದಾಡಿದೆ. "ಓದ್ತೀರಾ? ನಿಜವಾಗ್ಲೂ ಓದ್ತೀರಾ? ಆ ಕಾಗದ ಅವನ ಮುಖದ ಮೇಲೆ ಬಿಸಾಕಿ ಬರಬಾರದಿತ್ತಾ?"

"ಬಿಸಾಕೋಕೆ ನಂಗೂ ಬರತ್ತೆ. ಆ ಜೈಲಿನವನಿಗೆ ಬೇರೆ ಕೆಲಸ ನೀನು ಕೊಡಿಸ್ತೀಯಾ?"

ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು, "ಅವಳನ್ನ ಬಿಡೇ" ಎಂದ. ಬಿಟ್ಟೆ.

ವಾರ್ಷಿಕ ಸಭೆಯ ಹಾಲಿನಲ್ಲಿ ಎಲ್ಲಿ ನೋಡಿದರೂ ಕಂಪನಿಯ ಹೆಸರು. ಬ್ಯಾನರಿನ ಮೇಲೆ, ಚೀಲದ ಮೇಲೆ, ಪೆನ್ನಿನ ಮೇಲೆ, ಕುಡಿಯುವ ನೀರಿನ ಬಾಟಲಿಯ ಮೇಲೂ. ಊಟದ ಖರ್ಚೂ ಅವರದೇ. ಜೈಲಿನವನಿಗೆ ರಜೆ ಸಿಗದೆ ಬಂದಿರಲಿಲ್ಲ. ಉಳಿದವರೆಲ್ಲ ಬಂದಿದ್ದರು. ಎಷ್ಟೋ ವರ್ಷ ಅತ್ತಿಗೆಯ ಹತ್ತಿರ ಪುಟ ತರಿಸಿಕೊಂಡವರು ಅವತ್ತು ಅವರನ್ನು ಕಂಡ ಕೂಡಲೇ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಕನ್ನಡಕ ಮಾತ್ರ ಬಂದು ಕೈ ಹಿಡಿದಳು. "ಬೇಗ ಓದಿ ಮುಗಿಸಿಬಿಡೇ. ಸಂಜೆ ಕೋಣೇಲಿ ಕೂತು ಇವರನ್ನೆಲ್ಲ ಚೆನ್ನಾಗಿ ಬೈಯೋಣ" ಎಂದಳು.

ಅತ್ತಿಗೆ ವೇದಿಕೆ ಹತ್ತಿ ಓದಿದರು. ಒಂದಕ್ಷರ ನುಂಗಲಿಲ್ಲ. ನಾನು ಪರವಾನಗಿ ಇಲ್ಲದೆ ಪುಟಗಳನ್ನು ಹಂಚಿದ್ದೇನೆ, ಇದು ವೃತ್ತಿಗೆ ಕಳಂಕ, ಕಂಪನಿಯ ಔದಾರ್ಯಕ್ಕೆ ಋಣಿ, ನಮ್ಮ ಗ್ರೂಪ್ ಇಂದಿಗೆ ಮುಚ್ಚಿದೆ. ಓದಿ ಮುಗಿಸಿದಾಗ ಹಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಗಂಡಾಂತರ ಕಳೆಯಿತು, ತಮ್ಮ ತಲೆಗೆ ಬರಲಿಲ್ಲ ಎನ್ನುವ ಚಪ್ಪಾಳೆ ಅದು.

ಇಳಿಯಲು ಹೊರಟಿದ್ದ ಅತ್ತಿಗೆ ಮತ್ತೆ ಮೈಕಿಗೆ ಬಂದರು. ದನಿ ಎಷ್ಟು ಇಳಿದಿತ್ತೆಂದರೆ ಮೈಕ್ ಇಲ್ಲದಿದ್ದರೆ ಕೇಳುತ್ತಿರಲಿಲ್ಲ.

"ಚಪ್ಪಾಳೆ ತಟ್ಟಿದವರಲ್ಲಿ, ನನ್ನಿಂದ ಒಂದು ಪುಟಾನೂ ತರಿಸಿಕೊಳ್ಳದವರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ನನಗೆ ಒಂದು ಪುಟಾನೂ ಕಳಿಸದವರು ಎತ್ತಿ."

ಆಗಲೂ ಕೈಗಳು ಕೆಳಗೇ. ಮುಂದಿನ ಸಾಲಿನಲ್ಲಿ ಕಂಪನಿಯವನ ನಗು ಮೊದಲ ಬಾರಿಗೆ ಮಾಯವಾಯಿತು.

"ಹಾಗಾದ್ರೆ ಇದು ನನ್ನೊಬ್ಬಳ ಕ್ಷಮೆ ಅಲ್ಲ, ನಿಮ್ಮದೂ ಹೌದು. ಕಾಗದ ಈ ಮೇಜಿನ ಮೇಲೆ ಇಟ್ಟಿದ್ದೀನಿ. ನನ್ನ ಸಹಿ ಕೆಳಗೆ ನಿಮ್ಮ ಸಹಿ ಹಾಕಿ. ಎಲ್ಲರೂ ಹಾಕಿದ್ರೆ ಇವರು ಎಷ್ಟು ಗ್ರಂಥಾಲಯದ ಸಂಪರ್ಕ ಅಂತ ಕಡೀತಾರೆ? ಇವರಿಗೆ ಗಿರಾಕಿಗಳೇ ಉಳಿಯಲ್ಲ. ನಾನೊಬ್ಬಳೇ ಹಾಕಿದ್ರೆ ನಾನೊಬ್ಬಳೇ ಕಳ್ಳಿ. ನಾಳೆ ನನ್ನ ಕೆಲಸ ಹೋಗತ್ತೆ. ಅದು ನಿಮಗೂ ಗೊತ್ತು."

ಸಭೆ ನಡೆಸುತ್ತಿದ್ದವರು ಗಾಬರಿಯಿಂದ ಎದ್ದು, "ಊಟ ತಯಾರಾಗಿದೆ, ದಯವಿಟ್ಟು ಎಲ್ಲರೂ..." ಎಂದರು. ಊಟ ತಯಾರಾಗಿರಲಿಲ್ಲ. ಆದರೂ ಜನ ಎದ್ದು ಖಾಲಿ ಪಾತ್ರೆಗಳ ಮುಂದೆ ಸಾಲು ನಿಂತರು. ಅಷ್ಟು ಶಿಸ್ತಿನ ಸಾಲನ್ನು ನಾನು ಯಾವ ಗ್ರಂಥಾಲಯದಲ್ಲೂ ನೋಡಿಲ್ಲ.

ಮೊದಲು ಸಹಿ ಹಾಕಲು ಬಂದವರು ತೆರಿಗೆ ಕಚೇರಿಯ ಗ್ರಂಥಪಾಲಕರು. ಅವರಿಗೂ ಅತ್ತಿಗೆಗೂ ಮಾತು ಬಿಟ್ಟು ಯಾವ ಕಾಲವಾಗಿತ್ತೋ. ಕಾಯಿದೆಯ ಪುಸ್ತಕದ ಪಕ್ಕದಲ್ಲೇ ಅದರ ವ್ಯಾಖ್ಯಾನವನ್ನೂ ಇಡಬೇಕೋ, ಬೇರೆ ಕಪಾಟಿನಲ್ಲೋ ಎಂಬ ಮಹಾ ವಿಷಯಕ್ಕೆ ಜಗಳವಾಗಿತ್ತು. ಅವತ್ತೂ ಮಾತಾಡಲಿಲ್ಲ. ಗೀಚಿದ ಹಾಗೆ ಸಹಿ ಹಾಕಿ, ಪೆನ್ನನ್ನು ಠಪ್ಪೆಂದು ಇಟ್ಟು, ಊಟದ ಕಡೆಗೂ ಹೋಗದೆ ಹೊರಗೆ ನಡೆದುಬಿಟ್ಟರು. ಆಮೇಲೆ ಒಬ್ಬಿಬ್ಬರು ಬಂದರು. ಉಳಿದವರು ನಮ್ಮ ಕಡೆ ಬೆನ್ನು ಹಾಕಿ ತಟ್ಟೆ ಹಿಡಿದಿದ್ದರು. ನಾನು ಅವರ ಹತ್ತಿರ ಹೋಗಿ ಬಾಯಿಗೆ ಬಂದಿದ್ದನ್ನೆಲ್ಲ ಅಂದೆ. ಹೋದ ವರ್ಷ ತನ್ನ ಕಾಲೇಜಿನ ಪರೀಕ್ಷೆಯ ಹಿಂದಿನ ದಿನ ಪುಟ ಕಳಿಸಿ ಎಂದು ಅತ್ತಿಗೆಗೆ ಮೂರು ಸಲ ಫೋನ್ ಮಾಡಿದ್ದ ಒಬ್ಬ ಮನುಷ್ಯ, "ನೀವು ನಮ್ಮ ಸದಸ್ಯರಾ ಮೇಡಂ?" ಎಂದು ನನ್ನನ್ನು ಕೇಳಿದ. ನಾಚಿಕೆಗೆಟ್ಟವನು.

ಅತ್ತಿಗೆ ಮೇಜಿನ ಹತ್ತಿರ ನಿಂತೇ ಇದ್ದರು, ಕೂರಲಿಲ್ಲ. ಅವರ ಕಣ್ಣು ಒಬ್ಬಳನ್ನೇ ಹುಡುಕುತ್ತಿತ್ತು. ಅವಳು ಬಂದಳು, ಕೊನೆಗೆ, ಊಟ ಬಂದ ಮೇಲೆ. ಕೈಯಲ್ಲಿ ತಟ್ಟೆ, ಅತ್ತಿಗೆಗೆಂದೇ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿಕೊಂಡು ತಂದಿದ್ದಳು.

"ತಿನ್ನೇ. ಬೆಳಗಿಂದ ಏನೂ ತಿಂದಿಲ್ಲ ನೀನು" ಎಂದಳು ಕನ್ನಡಕ.

"ತಟ್ಟೆ ಅಲ್ಲಿಡು. ಪೆನ್ ತಗೋ."

"ಸಿಟ್ಟು ಮಾಡ್ಕೋಬೇಡ್ವೇ. ನಿನಗೆ ಗೊತ್ತಲ್ಲ, ನಂಗಿನ್ನೂ ಮೂರು ವರ್ಷ ಸರ್ವೀಸ್ ಇದೆ."

"ನಂಗೆ ಐದು" ಎಂದರು ಅತ್ತಿಗೆ.

ಕನ್ನಡಕ ತಟ್ಟೆ ಹಿಡಿದು ನಿಂತೇ ಇದ್ದಳು. ಅತ್ತಿಗೆ ಪೆನ್ನನ್ನು ಅವಳ ಕಡೆ ಚಾಚಿಯೇ ಇದ್ದರು. ಆಮೇಲೆ ನಾನೇ ಹೋಗಿ ಪೆನ್ನನ್ನು ಅವರ ಕೈಯಿಂದ ಬಿಡಿಸಿಕೊಂಡೆ, ಕಾಗದ ಮಡಚಿದೆ, ರಾತ್ರಿ ಕೋಣೆಯಲ್ಲಿ ಉಳಿಯದೆ ಮನೆಗೆ ಹೊರಟೆವು. ಜೈಲಿನವನ ಮೇಲೆ ದೂರು ಹೋಗಲಿಲ್ಲ, ಆದರೆ ಮುಂದಿನ ತಿಂಗಳು ಅತ್ತಿಗೆಯ ಕೆಲಸ ಹೋಯಿತು, ಆ ಐದು ವರ್ಷವೂ ಹೋಯಿತು. ಕನ್ನಡಕದ ಮೂರು ವರ್ಷ ಭದ್ರವಾಗಿದೆ.