ಹೆಸರು ಹಿಡಿದು ಕರೆದದ್ದು

ಮಸರಕಲ್‌ನಲ್ಲಿ ದೇವದುರ್ಗದ ಬಸ್ಸಿಗೆ ಕಾದು ಸಾಕಾಗಿ ಬೈದುಕೊಳ್ಳುತ್ತಿದ್ದೆ. ಅಂದು ಮಹಾಲಯ ಅಮಾವಾಸ್ಯೆ. "ಇವತ್ತ ಯಾರೂ ಉಪಾಸ ನಿಂದರಬಾರದ್ರಿ, ಬರ್ರಿ" ಎಂದು ಎದುರು ಮನೆಯ ಶರಣಪ್ಪ ಹಿರಿಯರ ಪೂಜೆಗೆ ಒಳಗೆ ಕರೆದರು.

ಹೊಸ ಧೋತರದ ಮುಂದೆ ಹೋಳಿಗೆಯ ಎಡೆ ಇಟ್ಟು ಅವರು ಪದ ಎತ್ತಿದರು. ನುಡಿಗೊಬ್ಬರಂತೆ ತೀರಿಹೋದವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವ ಪದ ಅದು; ಹೆಸರು ಬಿಟ್ಟರೆ ಆ ಜೀವ ಹಸಿದು ಹೋಗುತ್ತದಂತೆ. ಕೊನೆಗೆ, ಈ ವರ್ಷ ತೀರಿದ ತಮ್ಮನ ಸರದಿ ಬಂದಾಗ ಅವರು ಪದ ನಿಲ್ಲಿಸಿ ಕಣ್ಣೊರೆಸಿಕೊಂಡರು. ಎಲ್ಲರೂ ತಮ್ಮನ ಹೆಂಡತಿಯ ಕಡೆ ನೋಡಿದರು.

ಗಂಡನ ಹೆಸರು ಹೇಳಬಾರದೆಂಬ ರೂಢಿಯಲ್ಲೇ ಬಾಳಿದ ಹೆಣ್ಣುಮಗಳು ಆಕೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹನುಮಂತಪ್ಪ... ಉಣ್ಣಾಕ ಬರ್ರಿ" ಎಂದಳು. ಸ್ವಲ್ಪ ಹೊತ್ತು ಕಾದಳು.

"ಇದ್ದಾಗ ಒಮ್ಮೆನೂ ಹೆಸರು ಹಿಡದು ಕರೀಲಿಲ್ಲ. ಇವತ್ತ ಕರದೀನಿ, ಓ ಅನವಲ್ರು."