ಭೀಮಸಿಯ ‘ಹಟ್ಟಿ’ಯ ಮೇಲೆ ನಾನು ಹೇಳಿದ ಚಾಡಿ

ಭೀಮಸಿ, ನಿನ್ನ ‘ಹಟ್ಟಿ’ಯನ್ನು ಆಪ್ ಸ್ಟೋರಿನಿಂದ ತೆಗೆಸಿದವನು ನಾನು. ಕಂಪನಿಯ ಯಂತ್ರ ತೆಗೆದುಹಾಕಿತು ಎಂದು ಕಂಡಕಂಡವರಿಗೆಲ್ಲ ಹೇಳುತ್ತ ಬಂದಿದ್ದೀಯಲ್ಲ — ಅದು ಸುಳ್ಳಲ್ಲ. ಆದರೆ ಆ ಯಂತ್ರಕ್ಕೆ ಚಾಡಿ ಹೇಳಿದವನು, ಹುಕ್ಕೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡ, ನೀನು ಬಾಯ್ತುಂಬ ಕಾಕಾ ಎಂದು ಕರೆಯುವ ಈ ನಾನೇ.

ಯಾಕೆ ಎಂದು ಕೇಳುತ್ತೀಯ. ಹೊಟ್ಟೆಕಿಚ್ಚು, ಇನ್ನೇನು. ಗೊಬ್ಬರಕ್ಕಾಗಿ ಯಾರ ಹೊಲದಲ್ಲಿ ಯಾರ ಕುರಿ ನಿಲ್ಲಬೇಕು ಎಂಬುದು ಅಷ್ಟು ವರ್ಷ ನನ್ನ ಫೋನಿನ ಮೇಲೆಯೇ ನಡೆದಿತ್ತು. ಕೊಣ್ಣೂರಿನ ರೈತರೂ ನನ್ನನ್ನೇ ಕೇಳುತ್ತಿದ್ದರು, ಹಿಂಡು ಹೊಡೆದುಕೊಂಡು ಬರುವ ಮೂಡಲಗಿಯ ಕುರಿಗಾರರೂ ನನ್ನನ್ನೇ ಕೇಳುತ್ತಿದ್ದರು. ದೊಡ್ಡ ಮನುಷ್ಯ ಅನ್ನಿಸಿಕೊಂಡಿದ್ದೆ. ಆ ಕುರಿಗಾರರ ಮಗನಾದ ನೀನು ಹಟ್ಟಿ ಎಂಬ ಆಪ್ ಮಾಡಿದೆ — ರೈತ ಹೊಲ ತೋರಿಸುತ್ತಾನೆ, ಕುರಿಗಾರ ಒಪ್ಪುತ್ತಾನೆ, ನಡುವೆ ನನ್ನಂಥವನು ಬೇಡವೇ ಬೇಡ. ಅದನ್ನು ಮೊದಲು ತೋರಿಸಲು ನನ್ನ ಹತ್ತಿರವೇ ತಂದಿದ್ದೆ.

ನಮ್ಮ ಕಡೆ ಫೋನ್ ಕೊಂಡವರು ಅದನ್ನು ಅಂಗಡಿಯವನ ಕೈಗೇ ಕೊಡುತ್ತಾರೆ. ಖಾತೆ ತೆರೆಯುವವನೂ ಅವನೇ, ಪಾಸ್‌ವರ್ಡ್ ಇಡುವವನೂ ಅವನೇ. ಸಂತೆಯ ದಿನ ಫೋನಿನ ಪರದೆಗೆ ಗಾಜು ಹಾಕಿಸಲು, ರೀಚಾರ್ಜ್ ಮಾಡಿಸಲು ಬಂದವರು ಫೋನನ್ನು ನನ್ನ ಮುಂದಿಟ್ಟು ಸಂತೆ ಮಾಡಲು ಹೋಗುತ್ತಿದ್ದರು. ನಾನು ಒಂದೊಂದನ್ನೇ ತೆರೆದು, ಹಟ್ಟಿ ಮೋಸದ ಆಪ್ ಎಂದು ಸ್ಟೋರಿಗೆ ದೂರು ಒತ್ತಿದೆ. ಅದೂ ನಿನ್ನ ಆಪನ್ನು ನೆಚ್ಚಿಕೊಂಡವರ ಹೆಸರಿನಲ್ಲೇ —

ಇಷ್ಟಕ್ಕೆ ಅದು ಮಾಯವಾಗುತ್ತದೆ ಎಂದು ಎಣಿಸಿರಲಿಲ್ಲ. ನಾಲ್ಕು ಜನ ಬಿಟ್ಟಾರು, ಅಷ್ಟೇ ಎಂದು... ಇಲ್ಲ, ಹಾಗೆ ಹೇಳಿ ತಪ್ಪಿಸಿಕೊಳ್ಳಲಾರೆ. ಆಪ್ ಹೋಯಿತು, ಅದರ ಜೊತೆ ಸ್ಟೋರಿನಲ್ಲಿದ್ದ ನಿನ್ನ ಖಾತೆಯೂ ಹೋಯಿತು. ಯಾಕೆಂದು ಕೇಳಿದಾಗಲೆಲ್ಲ ಅದೇ ಉತ್ತರ: ನಿಯಮ ಮೀರಿದ್ದೀರಿ. ಯಾವ ನಿಯಮ? ಹೇಳಲು ಅಲ್ಲೊಬ್ಬ ಮನುಷ್ಯನಿರಲಿಲ್ಲ. ಸ್ಟೋರನ್ನು ಬಿಟ್ಟು ಬೇರೆ ದಾರಿಯಿಂದ ನೀನು ಆಪ್ ಹಾಕಿಕೊಟ್ಟರೆ, ಇದು ಅಪಾಯ ಎಂದು ಫೋನೇ ಹೆದರಿಸುತ್ತಿತ್ತು, ಕುರಿಗಾರರು ಮುಟ್ಟಲಿಲ್ಲ. ಮತ್ತೆ ನನಗೇ ಫೋನ್ ಮಾಡತೊಡಗಿದರು. ಕಂಪನಿಗೆ ನೀನು ಮನವಿಗಳನ್ನು ಬರೆದದ್ದು ನನ್ನ ಅಂಗಡಿಯಲ್ಲೇ ಕೂತು, ಚಹಾ ತರಿಸಿ ಸಮಾಧಾನ ಹೇಳಿದವನು ನಾನು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗಿದೆ.

ಹೋದ ವಾರ ಗೋಕಾಕಿನ ಸಭೆಯಲ್ಲಿ, ಇಂಥ ಸ್ಟೋರುಗಳಿಗೆ ಕಾನೂನಿನ ಲಗಾಮು ಬೇಕು ಎಂದು ನೀನು ಮಾತಾಡಿದೆ. “ತಗಿಯೂ ಮೊದಲ ಕಾರಣ ಹೇಳ್ರಿ. ನಮ್ಮ ಮಾತ ಕೇಳಾಕ ಒಬ್ಬ ಮನಷ್ಯಾನ್ನ ಇಡ್ರಿ. ಬಂದ ದೂರು ಖರೆ ಐತೋ ಸುಳ್ಳ ಐತೋ ನೋಡ್ರಿ.” ಸುಳ್ಳು ಎಂಬ ಮಾತು ಬಂದದ್ದೇ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ನಾಚಿಕೆಯಾಗುತ್ತದೆ, ಭೀಮಸಿ. ಹೊರಗೆ ಬಂದ ಮೇಲೆ ನೀನು ನನ್ನ ಕೈ ಹಿಡಿದುಕೊಂಡೆ: “ಕಾಕಾ, ಸರಕಾರಕ್ಕ ಅರ್ಜಿ ಕೊಡಾಕತ್ತೇನಿ. ಸಾಕ್ಷಿ ಅಂತ ನೀವ ಸಹಿ ಮಾಡ್ರಿ. ಮೊದಲಿಂದ ಎಲ್ಲಾ ಕಂಡವರು ನೀವ ಅದೀರಿ.”

ಸಹಿ ಮಾಡುತ್ತೇನೆ. ಕಂಡವನೆಂದಲ್ಲ, ಮಾಡಿದವನೆಂದು. ಹುಕ್ಕೇರಿಯ ಒಬ್ಬ ಅಂಗಡಿಯವ ಕೂತಲ್ಲೇ ಕೂತು ಒತ್ತಿದ ಸುಳ್ಳನ್ನು ಅಷ್ಟು ದೊಡ್ಡ ಕಂಪನಿ ವಿಚಾರಿಸದೆ ನಂಬಿತು — ನಿನ್ನ ಅರ್ಜಿಗೆ ಬೇಕಾದ ಸಾಕ್ಷಿ ಇದೇ. ಅದರ ತಪ್ಪು ಅದಕ್ಕಿರಲಿ. ಅದರಿಂದ ನನ್ನದು ಕಡಿಮೆಯಾಗುವುದಿಲ್ಲ.

ಇನ್ನೂ ಒಂದು ಉಳಿದಿದೆ — ನಿನ್ನ ಅವ್ವ. ಒಂದು ಸಂತೆಗೆ ಬಂದವಳು ಫೋನನ್ನು ನನ್ನ ಕೈಗಿಟ್ಟು, “ನಮ್ಮ ಭೀಮಸಿ ಮಾಡಿದ್ದು ಇದರಾಗ ಬರತೈತೇನ್ ನೋಡ್ರಿ ಅಣ್ಣಾರ” ಎಂದಳು. ಬರುತ್ತಿತ್ತು. ತೋರಿಸಿದೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಗಾಜು ಹಾಕಿಡಿ ಎಂದು ಫೋನನ್ನು ಅಲ್ಲೇ ಬಿಟ್ಟು ಬಳೆ ಕೊಳ್ಳಲು ಹೋದಳು. ಆ ಫೋನಿನಿಂದಲೂ ಒತ್ತಿದೆ. ಅರ್ಜಿಯಲ್ಲಿ ಇದನ್ನೂ ಬರೆ. ಅವ್ವನಿಗೆ ಮಾತ್ರ ನೀನು ಹೇಳಬೇಡ; ನಾನೇ ಮೂಡಲಗಿಗೆ ಬಂದು ಹೇಳುತ್ತೇನೆ.