ಮೊಡವೆ ಮಾಯವಾದದ್ದೇ ತಪ್ಪಾಯಿತು

ಐವತ್ತು ದಾಟಿದ ಗಂಡಸಿನ ಮುಖದಲ್ಲಿ ಮೊಡವೆ ಏಳುವುದೇ ಒಂದು ಅವಮಾನ. ಆ ಗಂಡಸು ಕ್ಷೌರದ ಅಂಗಡಿ ಇಟ್ಟುಕೊಂಡವನಾದರೆ ಕೇಳುವುದೇ ಬೇಡ. ಎದುರಿಗೊಂದು ಕನ್ನಡಿ, ಬೆನ್ನಿಗೊಂದು ಕನ್ನಡಿ. ಕುರ್ಚಿಯಲ್ಲಿ ಕೂತವರ ಕಿವಿಯ ಹಿಂದೆ ಕತ್ತರಿ ಆಡಿಸಲು ಬಗ್ಗಿದರೆ ಸಾಕು, ಕೆಂಪು ಮೂಗಿನ ಕ್ಷೌರಿಕರ ಸಾಲೇ ಬಗ್ಗಿ ಅವನನ್ನು ದಿಟ್ಟಿಸುತ್ತಿತ್ತು. ಸಾಲದ್ದಕ್ಕೆ ರೆಪ್ಪೆಗೂದಲು ಬೇರೆ ಉದ್ದುದ್ದ ಬೆಳೆದು, ನಾಟಕದ ರಾಣಿಯ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಬೆಳೆಯಬೇಕಾದ ಕಡೆ ಬೆಳೆಯದೆ ಇಲ್ಲಿ ಬೆಳೆದು ಯಾರನ್ನು ಉದ್ಧಾರ ಮಾಡಬೇಕಿತ್ತು ಎಂದು ಬೋಳುತಲೆ ತಡವಿಕೊಂಡು ಗೊಣಗುತ್ತಿದ್ದ.

ಇದೆಲ್ಲ ಮಾತ್ರೆಯ ಉಪಕಾರ. ಬಿಡದ ಕೆಮ್ಮಿಗೆಂದು ಆಸ್ಪತ್ರೆಗೆ ಹೋದವನ ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ತುಟಿಗಿಟ್ಟವನಲ್ಲ. ಆದರೂ ಹೆಂಡತಿಯ ತಮ್ಮ ಬಂದಾಗಲೆಲ್ಲ, "ನನ್ನ ಹತ್ರಾನಾದ್ರೂ ನಿಜ ಹೇಳಿ ಭಾವ" ಎಂದು ಕೆದಕುತ್ತಿದ್ದ. ಕೆದಕಿ ಮುಗಿದ ಮೇಲೆ ಮೂಲಂಗಿ ರಸ ಕುಡಿಯಲು ಸಲಹೆ ಕೊಡುತ್ತಿದ್ದ.

ಇದಕ್ಕೆ ಹೊಗೆಯೇ ಬೇಕೆಂದಿಲ್ಲ ಎಂದು ಡಾಕ್ಟರಮ್ಮ ಚಿತ್ರ ಬರೆದು ತಿಳಿಸಿದ್ದರು. ಜೀವಕೋಶದ ಹೊರಪೊರೆಯಲ್ಲಿ ರಿಸೆಪ್ಟರ್‌ಗಳೆಂಬ ಕಾವಲುಗಾರರು ಇರುತ್ತಾರಂತೆ, ತಲೆ ಹೊರಗೆ, ಕಾಲು ಒಳಗೆ. ಬೆಳೆಯಬೇಕೆಂಬ ಸುದ್ದಿ ಹೊತ್ತ ಕಣ ಹೊರಗಿನಿಂದ ಬಂದು ತಲೆಗೆ ತಾಗಿದಾಗ ಇಬ್ಬರು ಕಾವಲುಗಾರರು ಸರಿದು ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಾರೆ. ಒಳಗೆ ಒಬ್ಬನ ಕಾಲು ಇನ್ನೊಬ್ಬನ ಕಾಲಿಗೆ ಫಾಸ್ಫೇಟಿನ ಚುಕ್ಕೆ ಅಂಟಿಸುತ್ತದೆ. ಚುಕ್ಕೆ ಕಂಡದ್ದೇ ತಡ, ಒಳಗಿನ ಆಳುಗಳು ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿಸಿ, ‘ಬೆಳೆ, ಒಡೆದು ಎರಡಾಗು’ ಎಂಬ ಅಪ್ಪಣೆಯನ್ನು ನಡುವಿನ ಕೋಶಕೇಂದ್ರಕ್ಕೆ ಮುಟ್ಟಿಸುತ್ತಾರೆ. ಕೆಲಸ ಮುಗಿದ ಮೇಲೆ ಕಾವಲುಗಾರನನ್ನು ಒಳಗೆಳೆದುಕೊಂಡು ಬಾಯಿ ಮುಚ್ಚಿಸುವುದು ಕ್ರಮ. ಇವನ ಗಡ್ಡೆಯಲ್ಲಿ ಕಾವಲುಗಾರನ ಕಾಲೇ ಸೊಟ್ಟಗಾಗಿತ್ತು. ಹೊರಗಿನಿಂದ ಸುದ್ದಿ ಬರಲಿ ಬಿಡಲಿ, ಅಪ್ಪಣೆ ಮಾತ್ರ ಹೊರಡುತ್ತಲೇ ಇತ್ತು. ಮಾತ್ರೆ ಹೋಗಿ ಆ ಕಾಲನ್ನು ಕಟ್ಟಿಹಾಕುತ್ತದೆ. ಆದರೆ ಚರ್ಮಕ್ಕೂ ಅದೇ ಜಾತಿಯ ಕಾವಲುಗಾರರು ಬೇಕು. ಅವರ ಕಾಲಿಗೂ ಕಟ್ಟು ಬೀಳುವುದರಿಂದ ಚರ್ಮ ಹೀಗೆ ಮುನಿಸಿಕೊಳ್ಳುತ್ತದೆ.

ತಪ್ಪು ಮಾಡಿದವನ ಜೊತೆ ಬೀದಿಯವರನ್ನೆಲ್ಲ ಕಟ್ಟಿಹಾಕುವುದು ಯಾವ ಸೀಮೆಯ ನ್ಯಾಯ ಎಂದು ಅವನಿಗೆ ರೇಗಿಹೋಗಿತ್ತು.

ಗಿರಾಕಿಗಳಿಗೆ ಕಾಯಿಲೆಯ ವಿಷಯ ಹೇಳಿರಲಿಲ್ಲ. ಕೇಳಿದವರಿಗೆ ಮೊದಲು ಸೊಳ್ಳೆ ಎಂದ, ಆಮೇಲೆ ಸೆಖೆ ಎಂದ, ಕೊನೆಗೆ ಹೊಸ ಸೋಪು ಎಂದ. ಅದೇ ಸೋಪನ್ನು ಅವರ ಕೆನ್ನೆಗೂ ಹಚ್ಚುತ್ತಿದ್ದಾನೆಂಬುದು ಹೇಳಿದ ಮೇಲೆ ನೆನಪಾಯಿತು. ಅಷ್ಟರಲ್ಲಿ ಕೂತಿದ್ದವರೂ ಎದ್ದಿದ್ದರು. ಅಂಗಡಿ ತೆರೆದ ಮೊದಲ ದಿನದಿಂದ ಅವನ ಕೈಯಲ್ಲೇ ಗಡ್ಡ ಮಾಡಿಸಿಕೊಂಡು ಬಂದ ಮೇಷ್ಟ್ರು "ಆಮೇಲೆ ಬರ್ತೀನಿ" ಎಂದು ಹೋಗಿ, ಎದುರಂಗಡಿಯಿಂದ ನುಣ್ಣಗೆ ಹೊರಬಂದದ್ದನ್ನು ಕಣ್ಣಾರೆ ಕಂಡ ದಿನ ಅವನ ಮನಸ್ಸು ಕೆಟ್ಟಿತು. ಮಾರನೆಯ ಬೆಳಿಗ್ಗೆ ಹೆಂಡತಿ ಕೊಟ್ಟ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು, ಬಚ್ಚಲಿಗೆ ಹೋಗಿ ಉಗುಳಿದ. ಅದರ ಮಾರನೆಯ ಬೆಳಿಗ್ಗೆಯೂ ಅಷ್ಟೆ.

ಮುಖ ಬರಬರುತ್ತ ತಿಳಿಯಾಯಿತು. ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ವಾಪಸು ಬಂದರು. ಹೆಂಡತಿ ದೃಷ್ಟಿ ತಾಕೀತೆಂದು ಸೆರಗಿನಿಂದ ಅವನ ಕೆನ್ನೆ ಒರೆಸಿದಳು. ಭಾವಮೈದುನನಂತೂ ಎಲ್ಲವನ್ನೂ ತನ್ನ ಮೂಲಂಗಿಯ ಲೆಕ್ಕಕ್ಕೆ ಬರೆದುಕೊಂಡ. ಕೆಮ್ಮು ಆಗಾಗ ಇಣುಕುತ್ತಿತ್ತು. ಹಾರಿದ ಕೂದಲು ಮೂಗಿಗೆ ಹೋಗಿರಬೇಕೆಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ತಪಾಸಣೆಗೆ ಹೋದಾಗ ಆ ಚೆಂದದ ಮುಖ ನೋಡಿ ಸಪ್ಪಗಾದವರು ಡಾಕ್ಟರಮ್ಮ ಒಬ್ಬರೇ.

"ಯಾವಾಗ ಬಿಟ್ರಿ?"

"ಏನು ಡಾಕ್ಟ್ರೇ?"

"ಮಾತ್ರೆ."

ಹೆಂಡತಿ ನಡುವೆ ಬಾಯಿ ಹಾಕಿ, ದಿನಾ ತಾನೇ ಕೈಯಾರೆ ಕೊಡುವುದಾಗಿ ವಾದಿಸಿದಳು. ವಾದಿಸುತ್ತಲೇ ಗಂಡನ ಕಡೆ ತಿರುಗಿದಳು. ಗಂಡ ಕಿಟಕಿಯ ಕಡೆ ತಿರುಗಿದ.

"ಮುಖ ಇಷ್ಟು ಬೇಗ ತಿಳಿಯಾದ್ರೆ ನನಗೆ ಭಯ" ಎಂದರು ಡಾಕ್ಟರಮ್ಮ. "ಮೊಡವೆಗೆ ಮುಲಾಮಿದೆ, ಬೇಕಾದ್ರೆ ಮಾತ್ರೆ ಅಳತೆ ಇಳಿಸಬಹುದು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

ಸ್ಕ್ಯಾನಿನಲ್ಲಿ, ಕುಗ್ಗಿದ್ದ ಗಡ್ಡೆ ಮತ್ತೆ ತುಸು ಹಿಗ್ಗಿತ್ತು. ಇನ್ನೊಮ್ಮೆ ಕಟ್ಟಿಹಾಕಬಹುದು, ಆದರೆ ಹೀಗೆ ಬಿಟ್ಟು ಬಿಟ್ಟು ನುಂಗಿದರೆ ಮಾತ್ರೆಗೆ ಅದು ಜಗ್ಗದಿರುವ ದಿನವೂ ಬಂದೀತು ಎಂದರು.

ಹೊರಗಿನ ಮೊಗಸಾಲೆಯಲ್ಲಿ ಅವನು ಗಿರಾಕಿಗಳ ಕಷ್ಟ ತೋಡಿಕೊಂಡ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

"ಒಬ್ಬ ಗಿರಾಕಿ ಹೋದ್ರೆ ನಾಳೆ ಇನ್ನೊಬ್ಬ ಬರ್ತಾನೆ. ನಾನೇನ್ರೀ, ಈ ವಯಸ್ಸಲ್ಲಿ ಇನ್ನೊಬ್ಬನ್ನ ಹುಡುಕ್ಕೊಂಡು ಹೋಗ್ಲಾ?"

ಅವನಿಗೆ ಅಂದಿನಿಂದ ಮಾತ್ರೆ ನುಂಗಿಯಾದ ಮೇಲೆ ಹೆಂಡತಿ ಎದುರು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುವ ಹಣೆಬರಹವೂ ಬಂತು.

ಮುಲಾಮಿನಿಂದ ಅಬ್ಬರ ಇಳಿದರೂ ಮೊಡವೆ ಮತ್ತೆ ಎದ್ದವು. ಮೇಷ್ಟ್ರು ಬಂದರು, ಮುಖ ನೋಡಿದರು, ಹೊಸ್ತಿಲಲ್ಲೇ ನಿಂತರು. ಅವರ ಬಾಯಿಂದ ‘ಆಮೇಲೆ’ ಹೊರಡುವ ಮೊದಲೇ ಅವನ ತಾಳ್ಮೆ ಕಿತ್ತುಹೋಯಿತು.

"ಮೇಷ್ಟ್ರೇ, ಇದು ಸೊಳ್ಳೆನೂ ಅಲ್ಲ, ಸೋಪೂ ಅಲ್ಲ. ನನಗೆ ಕ್ಯಾನ್ಸರ್ ಇದೆ, ಇದು ಅದರ ಮಾತ್ರೆದು. ಅಂಟೋದಿಲ್ಲ. ಕೂತ್ಕೊಳ್ಳೋದಾದ್ರೆ ಕೂತ್ಕೊಳ್ಳಿ. ಇಲ್ಲಾಂದ್ರೆ ಎದುರಂಗಡಿ ತೆಗೆದಿದೆ."

ಮೇಷ್ಟ್ರು ಒಳಗೆ ಬಂದರು. ಆಮೇಲೆ ಕೊಡೆಯನ್ನು ಮೊಳೆಗೆ ತಗುಲಿಸಿ, ಕುರ್ಚಿಯಲ್ಲಿ ಕೂತು, ಕತ್ತು ಚಾಚಿದರು.

ಕೂತವರು ಸುಮ್ಮನೆ ಕೂತರೇ? ಎಲ್ಲಿ ಗಡ್ಡೆ, ಯಾವ ಮಾತ್ರೆ, ಶ್ವಾಸಕೋಶಕ್ಕೂ ಮೂಗಿಗೂ ಎಲ್ಲಿಯ ಸಂಬಂಧ ಎಂದು ಶುರು ಮಾಡಿದರು. ಕೆನ್ನೆಗೆ ನೊರೆ ಹಚ್ಚುತ್ತ ಅವನು ಕಾವಲುಗಾರರ ತಲೆ, ಕಾಲು, ಚುಕ್ಕೆ ಎಲ್ಲವನ್ನೂ ವಿವರಿಸಬೇಕಾಯಿತು. ಒಂದೊಂದು ವಿವರಕ್ಕೂ ಮೇಷ್ಟ್ರು ಅವನ ಕಡೆ ಹೊರಳಿ ಅಯ್ಯೋ ಪಾಪ ಎಂದು ತಲೆದೂಗುತ್ತಿದ್ದರು. ಮೂರನೆಯ ಸಲ ಅವನು ಅವರ ನೆತ್ತಿ ಹಿಡಿದು ಕನ್ನಡಿಯ ಕಡೆ ತಿರುಗಿಸಿದ.

"ಮರುಕ ಆಮೇಲೆ ಪಡಿ ಮೇಷ್ಟ್ರೇ. ಈಗ ಕತ್ತು ಅಲ್ಲಾಡಿಸ್ಬೇಡಿ, ಬ್ಲೇಡಿದೆ."